ಲಾವಾ ತೀರದ ನೀರು ಮತ್ತು ಉಸಿರಿನ ಲೆಕ್ಕ

ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಮನೆತನಗಳು ನಮ್ಮ ಭಕ್ತಸಮೂಹದಲ್ಲಿ ಈಗ ಕಡಿಮೆಯಿಲ್ಲ. ತಂದೆತಾಯಿಗಳು ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗುವುದು, ಮೊಮ್ಮಕ್ಕಳ ಲಾಲನೆಪಾಲನೆಯಲ್ಲಿ ತೊಡಗುವುದು, ರಜೆ ಬಂದಾಗ ಮಕ್ಕಳೊಡನೆ ಪ್ರವಾಸ ಹೊರಡುವುದು ವಾಡಿಕೆಯೇ ಆಗಿದೆ. ಹಿಂದೆ ಆ ಪ್ರವಾಸವೆಂದರೆ ನಯಾಗರಾ ಜಲಪಾತ. ಈಗ ಹವಾಯಿ ದ್ವೀಪಗಳೂ ಆ ಪಟ್ಟಿಗೆ ಸೇರಿವೆ. ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ನಯಾಗರಾವನ್ನು ದಡದಲ್ಲಿ ನಿಂತು ನೋಡಿದರೆ ಸಾಕು. ಹವಾಯಿಯಲ್ಲಿ ಮಕ್ಕಳು ಹಿರಿಯರನ್ನು ನೀರಿಗೇ ಇಳಿಸುತ್ತಾರೆ. ಹುಟ್ಟುಹಾಕುವ ಸಣ್ಣ ದೋಣಿಯಲ್ಲಿ ಕಡಲ ಅಂಚಿನುದ್ದಕ್ಕೂ ಸಾಗಿ, ಮುಖಕ್ಕೆ ಗಾಜಿನ ಮುಸುಕು ಧರಿಸಿ, ಬಾಯಲ್ಲಿ ಕೊಳವೆ ಕಚ್ಚಿ, ನೀರಿನ ಮೇಲೆ ಬೋರಲಾಗಿ ತೇಲುತ್ತ ಹವಳದ ಲೋಕವನ್ನು ನೋಡುವುದು ಅಲ್ಲಿನ ಪ್ರಮುಖ ವಿಹಾರ. ಅರುವತ್ತು ದಾಟಿದ ನಾವಿಬ್ಬರೂ ಕಳೆದ ಚಳಿಗಾಲದಲ್ಲಿ ಅಂಥದೊಂದು ವಿಹಾರಕ್ಕೆ ಹೋಗಿದ್ದೆವು. ಅದು ಕೊಟ್ಟ ಆನಂದ ಅಪಾರ. ಆ ನೀರು ಹಿರಿಯರ ಹೃದಯಕ್ಕೂ ಶ್ವಾಸಕೋಶಕ್ಕೂ ಒಡ್ಡುವ ಪರೀಕ್ಷೆಯನ್ನೂ ಅಲ್ಲಿಯೇ ಕಣ್ಣಾರೆ ಕಂಡೆವು. ಈ ಬರಹದಲ್ಲಿ ಎರಡನೆಯದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ನಾವು ಹೋದ ಸ್ಥಳ ಹವಾಯಿಯ ಅತಿ ದೊಡ್ಡ ದ್ವೀಪದ ಪಶ್ಚಿಮ ತೀರದಲ್ಲಿರುವ ಕೇಲಕೆಕುವಾ ಕೊಲ್ಲಿ. ಆ ಹೆಸರಿಗೆ ಸ್ಥಳೀಯರ ಭಾಷೆಯಲ್ಲಿ ‘ದೇವರ ದಾರಿ’ ಎಂದರ್ಥ. 1779ರ ಜನವರಿಯಲ್ಲಿ ಆಂಗ್ಲ ನಾವಿಕ ಜೇಮ್ಸ್ ಕುಕ್ ಇಲ್ಲಿ ಲಂಗರು ಹಾಕಿದ. ಮರುತಿಂಗಳು 14ರಂದು ಸ್ಥಳೀಯರೊಡನೆ ನಡೆದ ಘರ್ಷಣೆಯಲ್ಲಿ ಇದೇ ದಡದಲ್ಲಿ ಹತನಾದ. 1874ರಲ್ಲಿ ಅವನ ನೆನಪಿಗೆ ನಿಲ್ಲಿಸಿದ ಬಿಳಿಯ ಸ್ತಂಭವೊಂದು ಕೊಲ್ಲಿಯ ಉತ್ತರ ಅಂಚಿನ ಕಾಅವಲೋವಾ ಎಂಬಲ್ಲಿದೆ. ಅದಕ್ಕೆ ಎದುರಾಗಿ ದಕ್ಷಿಣ ಅಂಚಿನಲ್ಲಿ, ಲಾವಾ ಕಲ್ಲುಗಳನ್ನು ಗಾರೆಯಿಲ್ಲದೆ ಪೇರಿಸಿ ಕಟ್ಟಿದ ಹಿಕಿಯಾವು ಎಂಬ ಪ್ರಾಚೀನ ದೇವಸ್ಥಾನದ ಜಗತಿಯಿದೆ. ಹೆಚ್ಚಿನ ಪ್ರವಾಸಿಗರು ಆ ಬಿಳಿಯ ಸ್ತಂಭದತ್ತ ಧಾವಿಸುತ್ತಾರೆ. ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಈ ಮೌನವಾದ ಕಲ್ಲಿನ ಜಗತಿ.

ಇಡೀ ದ್ವೀಪವೇ ಜ್ವಾಲಾಮುಖಿಗಳ ಸೃಷ್ಟಿ. ಕೇಲಕೆಕುವಾ ಇರುವುದು ಮೌನಾ ಲೋವಾ ಎಂಬ ಜೀವಂತ ಜ್ವಾಲಾಮುಖಿಯ ಮಗ್ಗುಲಲ್ಲಿ. 1950ರಲ್ಲಿ ಅದು ಸ್ಫೋಟಿಸಿದಾಗ ಲಾವಾ ಪ್ರವಾಹ ಇದೇ ಕೋನಾ ಸೀಮೆಯ ದಕ್ಷಿಣ ಭಾಗದಲ್ಲಿ ಸಮುದ್ರವನ್ನು ಸೇರಿತ್ತು. 2022ರಲ್ಲಿಯೂ ಅದು ಮತ್ತೊಮ್ಮೆ ಉಕ್ಕಿತು. ಕೊಲ್ಲಿಯ ಹಿಂದೆ ಗೋಡೆಯಂತೆ ನಿಂತಿರುವ ಸುಮಾರು 600 ಅಡಿಯ ಕಡಿದಾದ ಬಂಡೆಯಲ್ಲಿ ಲಾವಾದ ಪದರಗಳು ಒಂದರ ಮೇಲೊಂದು ಅಡಕಿಲಿಟ್ಟಂತೆ ಕಾಣುತ್ತವೆ. ಅದರ ಗವಿಗಳಲ್ಲಿ ಹಿಂದಿನ ಅರಸರ ಅಸ್ಥಿಗಳನ್ನು ಇರಿಸುತ್ತಿದ್ದರಂತೆ. ಆದುದರಿಂದ ಅದು ಸ್ಥಳೀಯರಿಗೆ ಪವಿತ್ರ, ಹತ್ತುವಂತಿಲ್ಲ. ವಿಜಯಪುರ, ಕಲಬುರಗಿ ಸೀಮೆಯ ಓದುಗರಿಗೆ ಈ ಕಲ್ಲಿನ ಬಣ್ಣ ಅಪರಿಚಿತವೇನಲ್ಲ. ನಮ್ಮ ಉತ್ತರ ಕರ್ನಾಟಕದ ಕರಿಗಲ್ಲೂ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಇಂಥದೇ ಲಾವಾ. ಅದು ಕರಗಿ ಸವೆದೇ ನಮ್ಮ ಎರೆಭೂಮಿ ಆಗಿದೆ. ನಮ್ಮದು ಮುದಿ ಕಲ್ಲು, ಮೆತ್ತಗಾಗಿ ಮಣ್ಣಾದುದು. ಅಲ್ಲಿಯದು ಇನ್ನೂ ಎಳೆಯ ಕಲ್ಲು, ಅಂಚು ಮುಟ್ಟಿದರೆ ಗಾಜಿನಂತೆ ಕೊಯ್ಯುತ್ತದೆ.

ಈ ಎಳೆಯ ಕಲ್ಲಿಗೆ ಇನ್ನೊಂದು ಗುಣವಿದೆ. ಅದು ರಂಧ್ರಮಯ. ಬಿದ್ದ ಮಳೆ ಹೊಳೆಯಾಗಿ ಹರಿಯದೆ ಒಳಗೇ ಇಂಗಿಹೋಗುವುದರಿಂದ ಕೆಸರನ್ನು ಹೊತ್ತು ತರುವ ನದಿಗಳು ಆ ತೀರದಲ್ಲಿಲ್ಲ. ಸಮುದ್ರದ ನೀರು ಅಷ್ಟೊಂದು ತಿಳಿಯಾಗಿರಲು ಇದೇ ಮುಖ್ಯ ಕಾರಣ. ಇಂಗಿದ ನೀರು ದಡದ ಬುಡದಲ್ಲಿ ತಂಪಾದ ಸಿಹಿನೀರಿನ ಚಿಲುಮೆಯಾಗಿ ಕಡಲೊಳಗೇ ಹೊರಬರುತ್ತದೆ. ಹಗುರವಾದ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವುದರಿಂದ ಅಂಥ ಕಡೆ ಕಣ್ಣೆದುರು ಎಣ್ಣೆ ಕಲಕಿದಂತೆ ಮಸುಕು ಕಾಣುತ್ತದೆ, ಮೈಗೆ ಒಮ್ಮೆಲೇ ಚಳಿ ತಾಗುತ್ತದೆ. ಮುಸುಕಿನ ಗಾಜೇ ಮಂಜಾಯಿತೆಂದು ಭಾವಿಸಿ ಹೊಸಬರು ಗಾಬರಿಯಾಗುವುದು ಇಲ್ಲಿಯೇ.

ನಮ್ಮ ತಂಡದಲ್ಲಿ ಮಗಳು, ಅಳಿಯ, ನಾವಿಬ್ಬರು ಮತ್ತು ನಮ್ಮ ಬೀಗರು. ಬೀಗಿತಿಯವರು ಮೊಮ್ಮಗುವಿನೊಡನೆ ದಡದಲ್ಲಿಯೇ ಉಳಿದರು. ಕಾಅವಲೋವಾಕ್ಕೆ ವಾಹನದ ದಾರಿಯಿಲ್ಲ. ಬೆಟ್ಟದ ಮೇಲಿನಿಂದ ಸುಮಾರು ಎರಡು ಮೈಲಿಯ ಕಡಿದಾದ ಕಾಲುದಾರಿಯಲ್ಲಿ ಇಳಿಯಬೇಕು, ಇಲ್ಲವೇ ನೀರಿನ ಮೇಲೆ ಹೋಗಬೇಕು. ದೋಣಿಗಳ ನೂಕುನುಗ್ಗಲು ಹೆಚ್ಚಿದ ಮೇಲೆ ರಾಜ್ಯ ಸರ್ಕಾರ ಬಿಗಿಯಾದ ಪರವಾನಗಿ ಪದ್ಧತಿ ತಂದಿದೆ. ದೋಣಿಯನ್ನು ಆ ದಡಕ್ಕೇರಿಸಬೇಕಾದರೆ ಪರವಾನಗಿಯುಳ್ಳ ಮಾರ್ಗದರ್ಶಿಗಳೊಡನೆಯೇ ಹೋಗಬೇಕು. ಈ ನಿರ್ಬಂಧವನ್ನು ಕೆಲವರು ಗೊಣಗುತ್ತ ಹೇಳುತ್ತಾರೆ. ನಮಗೆ ಮಾತ್ರ ಅದು ಅಂದು ವರವಾಯಿತು.

ದೋಣಿಯ ಹೆಸರು ಕಯಾಕ್. ಅದನ್ನು ಕೇಳಿದೊಡನೆ ನಮ್ಮವರಿಗೆ ‘ಕಾಯಕ’ ನೆನಪಾದರೆ ಆಶ್ಚರ್ಯವಿಲ್ಲ. ಬೀಗರಂತೂ ದಿನವಿಡೀ ಅದೇ ವಿನೋದ ಮಾಡಿದರು. ಎರಡಕ್ಕೂ ಸಂಬಂಧವಿಲ್ಲ. ಅದು ಉತ್ತರ ಧ್ರುವದ ಸಮೀಪದ ಹಿಮಪ್ರದೇಶದ ಬೇಟೆಗಾರರ ಭಾಷೆಯಿಂದ ಬಂದ ಪದ. ಹವಾಯಿಯಲ್ಲಿ ಪ್ರವಾಸಿಗರಿಗೆ ಕೊಡುವುದು ಮೇಲುಭಾಗ ತೆರೆದಿರುವ, ಮಗುಚಿದರೂ ನೀರು ತುಂಬದ ಪ್ಲಾಸ್ಟಿಕ್ ದೋಣಿ. ಇಬ್ಬರು ಹಿಂದೆ ಮುಂದೆ ಕುಳಿತು ಹುಟ್ಟುಹಾಕಬಹುದು. ಹೊಸಬರು ತೋಳಿನ ಬಲದಿಂದ ಎಳೆಯುತ್ತಾರೆ, ಕಾಲುಗಂಟೆಯಲ್ಲಿ ಭುಜ ಸೋಲುತ್ತದೆ. ಸರಿಯಾದ ರೀತಿಯೆಂದರೆ ಬೆನ್ನು ನೇರ ಮಾಡಿ, ಪಾದಗಳನ್ನು ಒತ್ತುಗಟ್ಟೆಗೆ ಒತ್ತಿ, ಸೊಂಟದಿಂದ ಮೇಲಿನ ಮೈಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ ಹುಟ್ಟನ್ನು ನೀರಿಗೆ ಕೊಡುವುದು. ಮಜ್ಜಿಗೆ ಕಡೆಯುವಾಗ ನಮ್ಮ ಅಜ್ಜಿಯರು ತೋಳನ್ನಷ್ಟೇ ಅಲ್ಲ, ಇಡೀ ಮೈಯನ್ನೇ ತೂಗುತ್ತಿದ್ದರಲ್ಲ, ಬಹುಮಟ್ಟಿಗೆ ಅದೇ ಲಯ. ಬೆನ್ನಿನ ಕೆಳಭಾಗದಲ್ಲಿ ನೋವಿರುವವರಿಗೆ ಈ ತಿರುಚುವಿಕೆ ಒಗ್ಗದು. ಅವರು ಹುಟ್ಟನ್ನು ಜೊತೆಯವರಿಗೆ ಬಿಟ್ಟು ಮುಂದಿನ ಪೀಠದಲ್ಲಿ ಕುಳಿತುಕೊಳ್ಳುವುದು ಲೇಸು.

ಹೊರಡುವ ಮೊದಲು ಮಾರ್ಗದರ್ಶಿಯಾಗಿದ್ದ ಸ್ಥಳೀಯ ತರುಣಿ ಎಲ್ಲರಿಗೂ ಒಂದು ಆರೋಗ್ಯ ಪತ್ರವನ್ನು ಕೊಟ್ಟಳು. ರಕ್ತದೊತ್ತಡ, ಹೃದ್ರೋಗ, ಉಬ್ಬಸ, ಮಧುಮೇಹ, ಸೇವಿಸುವ ಔಷಧಿಗಳು, ಎಲ್ಲಕ್ಕೂ ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು. ಬೀಗರು ಹನ್ನೆರಡು ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿರುವವರು. ಆದರೂ ‘ಇಲ್ಲ’ ಎಂದು ಗುರುತು ಹಾಕಿದ್ದರೆಂಬುದು ನಮಗೆ ತಿಳಿದದ್ದು ಆಮೇಲೆ. ಮಾತ್ರೆಯಿಂದ ಹತೋಟಿಯಲ್ಲಿದೆಯಲ್ಲ, ಮತ್ತೆ ಕಾಯಿಲೆಯೆಲ್ಲಿ ಬಂತು ಎಂಬುದು ಅವರ ತರ್ಕ. ದಿನವೂ ಐದು ಕಿಲೋಮೀಟರ್ ನಡೆಯುವ, ಹಳ್ಳಿಯ ಬಾವಿಯಲ್ಲಿ ಈಜು ಕಲಿತ ಗಟ್ಟಿ ಆಳು ಅವರು. ಇಂಥ ತರ್ಕ ನಮ್ಮ ಮನೆಮನೆಗಳಲ್ಲಿಯೂ ಕೇಳಿಬರುತ್ತದೆ.

ಆ ತರುಣಿ ದಡದಲ್ಲಿ ನಿಂತು ತನ್ನ ಭಾಷೆಯಲ್ಲಿ ಒಂದು ಸಣ್ಣ ಪ್ರಾರ್ಥನೆಯನ್ನು ಹಾಡಿ, ನೀರಿನ ಅನುಮತಿ ಕೇಳಿದ್ದೇನೆ ಎಂದು ವಿವರಿಸಿದಳು. ಸುಮಾರು ಒಂದು ಮೈಲಿಯ ದಾರಿಯನ್ನು ಮುಕ್ಕಾಲು ಗಂಟೆಯಲ್ಲಿ ದಾಟಿದೆವು. ನಡುದಾರಿಯಲ್ಲಿ ದೂರದಲ್ಲಿ ಸಣ್ಣ ಡಾಲ್ಫಿನ್‌ಗಳ ಗುಂಪೊಂದು ಕಾಣಿಸಿತು. ಒಂದು ಮರಿ ಬುಗುರಿಯಂತೆ ತಿರುಗುತ್ತ ಗಾಳಿಗೆ ಚಿಮ್ಮಿತು. ಅಳಿಯ ದೋಣಿಯನ್ನು ಅತ್ತ ತಿರುಗಿಸಲು ಹೊರಟಾಗ ತರುಣಿ ತಡೆದಳು. ಅವು ರಾತ್ರಿಯೆಲ್ಲ ಆಳಕಡಲಲ್ಲಿ ಬೇಟೆಯಾಡಿ ಹಗಲು ಈ ಕೊಲ್ಲಿಗೆ ನಿದ್ರಿಸಲು ಬರುತ್ತವೆ; ನಿದ್ರೆ ಕೆಡಿಸಬಾರದೆಂದು 2021ರಿಂದ 50 ಗಜದೊಳಗೆ ಸಮೀಪಿಸುವುದನ್ನೇ ಕಾನೂನು ನಿಷೇಧಿಸಿದೆ. ಬಿಸಿಲಿಗೆ ಹಚ್ಚುವ ಲೇಪನಕ್ಕೂ ಅಲ್ಲಿ ಕಾನೂನಿದೆ. ಹವಳಕ್ಕೆ ಹಾನಿಕರವೆಂದು ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ಎರಡು ರಾಸಾಯನಿಕಗಳಿರುವ ಲೇಪನಗಳ ಮಾರಾಟವನ್ನು 2021ರ ಜನವರಿಯಿಂದ ಆ ರಾಜ್ಯದಲ್ಲಿ ನಿಲ್ಲಿಸಲಾಗಿದೆ. ಸತುವಿನ ಆಕ್ಸೈಡ್ ಇರುವ ಬಿಳಿಯ ಲೇಪನ ಸಾಕು. ಅದಕ್ಕಿಂತಲೂ ಉದ್ದ ತೋಳಿನ ಅಂಗಿ ಮೇಲು, ಏಕೆಂದರೆ ಬೋರಲಾಗಿ ತೇಲುವವರ ಬೆನ್ನು ಬೇಯುವುದು ಗೊತ್ತಾಗುವುದು ರಾತ್ರಿ ಮಲಗುವಾಗಲೇ.

ಸ್ತಂಭದ ಮುಂದಿನ ನೀರು ದಡದ ಬಳಿ ಕೆಲವೇ ಅಡಿ ಆಳ. ಅಲ್ಲಿ ಮುಖವನ್ನು ನೀರಿಗಿಟ್ಟಾಗ ಕಂಡದ್ದನ್ನು ಹೇಗೆ ಹೇಳೋಣ? ಕರಿಯ ಲಾವಾದ ಮೇಲೆ ಹಳದಿ, ಕಂದು, ನಸುನೇರಳೆ ಹವಳದ ದಿಬ್ಬಗಳು. ಆ ದಿಬ್ಬಗಳು ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಅವುಗಳ ಮೇಲೆ ಅರಿಶಿನವನ್ನೇ ಅರೆದು ಬಳಿದಂತಿರುವ ಮೀನುಗಳ ಹಿಂಡು. ಅವು ಹವಳದ ಮೇಲಿನ ಪಾಚಿಯನ್ನಷ್ಟೇ ತಿನ್ನುವ ಸಸ್ಯಾಹಾರಿಗಳೆಂದು ತಿಳಿದಾಗ ನಮಗೆ ಅವುಗಳ ಮೇಲೆ ವಿಶೇಷ ಪ್ರೀತಿ ಹುಟ್ಟಿತು. ಗಿಳಿಮೀನುಗಳು ತಮ್ಮ ಗಟ್ಟಿ ಕೊಕ್ಕಿನಿಂದ ಕಲ್ಲನ್ನು ಕಡಿಯುವ ಕರಕರ ಸದ್ದು ನೀರೊಳಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಅವು ಅರೆದು ವಿಸರ್ಜಿಸಿದ ಪುಡಿಯೇ ಆ ದ್ವೀಪಗಳ ಎಷ್ಟೋ ಬಿಳಿಯ ಮರಳು. ಕೊಲ್ಲಿಯ 315 ಎಕರೆ ನೀರು 1969ರಿಂದ ಸಂರಕ್ಷಿತ. ಹಾಗಿದ್ದೂ ಸಮುದ್ರ ಬಿಸಿಯಾದ 2015ರಲ್ಲಿ ಆ ಪಶ್ಚಿಮ ತೀರದ ಹವಳ ಸುಮಾರು ಅರ್ಧದಷ್ಟು ಸತ್ತುಹೋಯಿತು. ಬಿಳಿಚಿದ, ಪಾಚಿ ಹಿಡಿದ ದಿಬ್ಬಗಳು ನಡುನಡುವೆ ಇನ್ನೂ ಇವೆ. ದಡದಿಂದ ಸ್ವಲ್ಪ ದೂರ ಹೋದರೆ ನೆಲ ಹಠಾತ್ತನೆ ಕುಸಿದು ಕಡುನೀಲಿಯ ಆಳ ಬಾಯ್ದೆರೆಯುತ್ತದೆ. ತೇಲುತ್ತಿರುವುದು ಗೊತ್ತಿದ್ದರೂ ಬೀಳುತ್ತಿದ್ದೇವೆಂಬ ಭಾವ ಮೈಯನ್ನು ನಡುಗಿಸುತ್ತದೆ.

ಬೀಗರು ನೀರಿಗಿಳಿದು ಏಳೆಂಟು ನಿಮಿಷಗಳಾಗಿರಬಹುದು. ಅಲೆಯಿರಲಿಲ್ಲ, ಸೆಳೆತವಿರಲಿಲ್ಲ, ಅವರು ಒಂದು ಗುಟುಕು ನೀರನ್ನೂ ನುಂಗಿರಲಿಲ್ಲ. ಮೂವತ್ತು ಅಡಿ ದೂರದಲ್ಲಿದ್ದ ನಮಗೆ ಅವರು ಮೀನು ನೋಡುತ್ತಿದ್ದಾರೆಂದೇ ಕಂಡಿತು. ಆದರೆ ಆ ತರುಣಿ ಒಮ್ಮೆಲೇ ಅವರತ್ತ ಈಜಿದಳು. ಅವರ ಕಾಲುಗಳು ಆಡುವುದು ನಿಂತು ಜೋತುಬಿದ್ದಿದ್ದವು, ಅದಷ್ಟೇ ಅವಳು ಕಂಡ ಗುರುತು. ಅವರನ್ನು ಅಂಗಾತ ತಿರುಗಿಸಿ, ಮುಸುಕು ಕೊಳವೆ ಎರಡನ್ನೂ ತೆಗೆದು, ಎದೆಯ ಕೆಳಗೆ ತೇಲುಕೊಳವೆಯನ್ನು ಸಿಕ್ಕಿಸಿದಳು. ಆಗ ಅವರ ಮುಖ ನೋಡಿದೆವು. ತುಟಿ ಕಪ್ಪಿಟ್ಟಿತ್ತು. ಮಾತು ಬರುತ್ತಿರಲಿಲ್ಲ. ಉಸಿರಿನಲ್ಲಿ ಗೊರಗೊರ ಸದ್ದು, ಆಮೇಲೆ ಕೆಮ್ಮಿದಾಗ ಬಾಯಲ್ಲಿ ನಸುಗೆಂಪು ನೊರೆ. ಬಂಡೆಯ ಮೇಲೆ ಕುಳ್ಳಿರಿಸಿ, ಹತ್ತಿರದಲ್ಲಿ ಲಂಗರು ಹಾಕಿದ್ದ ಪ್ರವಾಸಿ ಯಂತ್ರದೋಣಿಯೊಂದನ್ನು ಕರೆದರು, ಅದರಲ್ಲಿ ಆಮ್ಲಜನಕವಿತ್ತು. ಕಾಲುದಾರಿಯೊಂದೇ ಇರುವ ಆ ದಡದಲ್ಲಿ ನಮ್ಮಷ್ಟಕ್ಕೇ ಬಂದಿದ್ದರೆ ಏನಾಗುತ್ತಿತ್ತೆಂಬುದನ್ನು ಇಂದಿಗೂ ಯೋಚಿಸಲಾಗುವುದಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದಾಗ ಶ್ವಾಸಕೋಶದಲ್ಲಿ ನೀರು ಕಂಡಿತು. ಅದು ಸಮುದ್ರದ ನೀರಲ್ಲ, ಅವರದೇ ರಕ್ತದಿಂದ ಒಸರಿದ ದ್ರವ. ಎರಡು ದಿನಗಳಲ್ಲಿ ಅದು ಪೂರ್ತಿಯಾಗಿ ಇಳಿಯಿತು. ಮುಂದಿನ ಪರೀಕ್ಷೆಗಳಲ್ಲಿ ತಿಳಿದದ್ದು, ವರ್ಷಗಳ ರಕ್ತದೊತ್ತಡದಿಂದ ಅವರ ಹೃದಯದ ಗೋಡೆ ದಪ್ಪಗಾಗಿ ಬಿರುಸಾಗಿದೆ ಎಂಬುದು. ನೆಲದ ಮೇಲೆ ನಡೆಯುವಾಗ ಆ ಹೃದಯ ಯಾವ ದೂರನ್ನೂ ಹೇಳಿರಲಿಲ್ಲ.

ಇದು ಹೇಗೆ ಆಗುತ್ತದೆ? ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿದ ಮನುಷ್ಯನ ಕೈಕಾಲುಗಳ ರಕ್ತವನ್ನು ಸುತ್ತಲಿನ ನೀರು ಒತ್ತಿ ಎದೆಯತ್ತ ಕಳುಹಿಸುತ್ತದೆ. ಹೀಗೆ ಎದೆಗೆ ಬಂದು ಸೇರುವ ರಕ್ತ ಸುಮಾರು 700 ಮಿಲಿಲೀಟರ್. ತಂಪು ತಾಗಿದಾಗ ಚರ್ಮದ ರಕ್ತನಾಳಗಳು ಮುದುಡಿ ಇನ್ನಷ್ಟು ರಕ್ತವನ್ನು ಒಳಗೆ ನೂಕುತ್ತವೆ. ಆ ಕೊಲ್ಲಿಯ ನೀರು ಬೆಚ್ಚಗೆನಿಸಿದರೂ ಮೈಯ ಶಾಖಕ್ಕಿಂತ ಹತ್ತು ಡಿಗ್ರಿಗೂ ಹೆಚ್ಚು ತಂಪು, ಮತ್ತು ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಆರೋಗ್ಯವಂತ ಹೃದಯ ಈ ಹೆಚ್ಚುವರಿ ರಕ್ತವನ್ನು ಹಿಗ್ಗಿ ಸ್ವೀಕರಿಸಿ ಮುಂದಕ್ಕೆ ತಳ್ಳುತ್ತದೆ, ಮೂತ್ರಪಿಂಡಗಳಿಗೂ ನೀರು ಹೊರಹಾಕುವಂತೆ ಸೂಚನೆ ಕಳುಹಿಸುತ್ತದೆ. ಈಜಿದಾಗಲೆಲ್ಲ ಮೂತ್ರಕ್ಕೆ ಅವಸರವಾಗುವುದು ಇದರಿಂದಲೇ. ಬಿರುಸಾದ ಹೃದಯಕ್ಕೆ ಹಿಗ್ಗುವುದು ಕಷ್ಟ. ರಕ್ತ ಶ್ವಾಸಕೋಶದಲ್ಲಿಯೇ ತಂಗುತ್ತದೆ, ಸೂಕ್ಷ್ಮನಾಳಗಳಲ್ಲಿ ಒತ್ತಡ ಏರುತ್ತದೆ.

ಇದರ ಮೇಲೆ ಕೊಳವೆಯ ಪಾಲು ಸೇರುತ್ತದೆ. ಬೋರಲಾಗಿ ತೇಲುವಾಗ ಎದೆ ನೀರಿನ ಮಟ್ಟಕ್ಕಿಂತ ಕೆಳಗಿದ್ದು, ಎಳೆದುಕೊಳ್ಳುವ ಗಾಳಿ ಮೇಲಿನಿಂದ ಬರಬೇಕು. ಹೊರಗಿನಿಂದ ನೀರು ಎದೆಯನ್ನು ಒತ್ತುತ್ತದೆ, ಒಳಗಿನಿಂದ ನಾವು ಬಲವಾಗಿ ಹೀರುತ್ತೇವೆ. ಕೊಳವೆಗಳು ಏಕೆ ಗಿಡ್ಡವಾಗಿಯೇ ಇರುತ್ತವೆಂದು ಮಕ್ಕಳು ಕೇಳುವುದುಂಟು. ಒಂದು ಮೀಟರ್ ಆಳದಲ್ಲಿ ಎದೆಯ ಪ್ರತಿ ಚದರ ಅಡಿಯ ಮೇಲೆ ಸುಮಾರು 93 ಕಿಲೋ ಭಾರ ಕೂರುತ್ತದೆ. ಮೇಲಿನಿಂದ ಗಾಳಿ ಹೀರಲು ಪಕ್ಕೆಲುಬು ಏಳುವುದೇ ಇಲ್ಲ. ಗಿಡ್ಡ ಕೊಳವೆಯಲ್ಲಿಯೂ ರಂಧ್ರ ಕಿರಿದಾಗಿದ್ದರೆ, ನೀರು ನುಗ್ಗದಂತೆ ತಡೆಯುವ ಕವಾಟಗಳ ಜೋಡಣೆಯಿದ್ದರೆ, ಪ್ರತಿ ಉಸಿರಿಗೂ ಹೆಚ್ಚಿನ ಹೀರುವಿಕೆ ಬೇಕು. ಆ ಹೀರುವಿಕೆ ಗಾಳಿಯ ಜೊತೆಗೆ ರಕ್ತನಾಳದೊಳಗಿನ ದ್ರವವನ್ನೂ ಶ್ವಾಸಕೋಶದ ಗೂಡುಗಳಿಗೆ ಎಳೆಯುತ್ತದೆ. ಹವಾಯಿಯಲ್ಲಿ ಪ್ರವಾಸಿಗರು ಮುಳುಗಿ ಸಾಯುವ ಪ್ರಕರಣಗಳಲ್ಲಿ ಈ ಕೊಳವೆ ವಿಹಾರದ್ದೇ ಮೊದಲ ಸ್ಥಾನ, ಸತ್ತವರಲ್ಲಿ ಬಹುಪಾಲು ನಡುವಯಸ್ಸು ದಾಟಿದ ಪುರುಷರು. ಇದಕ್ಕೆ ಕಾರಣವೇನೆಂದು ಅಲ್ಲಿಯ ವೈದ್ಯರು ಅಧ್ಯಯನ ನಡೆಸಿ 2021ರಲ್ಲಿ ವರದಿ ಕೊಟ್ಟರು. ನೀರು ನುಂಗಿ ಮುಳುಗಿದರೆಂದು ಭಾವಿಸಲಾದ ಎಷ್ಟೋ ಪ್ರಕರಣಗಳಲ್ಲಿ ನಿಜವಾದ ಕಾರಣ ಹೀಗೆ ಶ್ವಾಸಕೋಶ ತನ್ನದೇ ದ್ರವದಿಂದ ತುಂಬುವುದಾಗಿರಬಹುದೆಂಬುದು ಅವರ ನಿರ್ಣಯ. ಕೊಳವೆಯ ಬಿಗಿತ, ಮೊದಲೇ ಇರುವ ಹೃದಯ ಶ್ವಾಸಕೋಶಗಳ ತೊಂದರೆ, ಶ್ರಮ, ಈ ಮೂರೂ ಕೂಡಿದಲ್ಲಿ ಅಪಾಯ ಹೆಚ್ಚು.

ಇಂಥ ಮುಳುಗುವಿಕೆ ನಿಶ್ಶಬ್ದ. ಕೈ ಬಡಿಯುವುದಿಲ್ಲ, ಕೂಗುವುದಿಲ್ಲ. ಬೋರಲಾಗಿ ತೇಲುತ್ತ ಮೀನು ನೋಡುವವನೂ ಬೋರಲಾಗಿ ತೇಲುತ್ತ ಪ್ರಜ್ಞೆ ತಪ್ಪುತ್ತಿರುವವನೂ ದೂರದಿಂದ ಒಂದೇ ತೆರನಾಗಿ ಕಾಣುತ್ತಾರೆ. ಒಳಗಿನ ಸೂಚನೆಯೆಂದರೆ ಶ್ರಮಕ್ಕೆ ಮೀರಿದ ಏದುಸಿರು, ಕೈಕಾಲುಗಳ ಬಲ ಉಡುಗಿದಂತಾಗುವುದು, ಕಾರಣವಿಲ್ಲದ ಭಯ. ಬೀಗರು ಆಮೇಲೆ ಹೇಳಿದ್ದು ಇಷ್ಟೇ: ದಣಿವಾಯಿತೆಂದುಕೊಂಡೆ, ಇನ್ನೊಂದು ನಿಮಿಷ ತಡೆದುಕೊಂಡರೆ ಸರಿಹೋದೀತು ಎಂದುಕೊಂಡೆ. ತಡೆದುಕೊಳ್ಳುವ ಆ ಒಂದು ನಿಮಿಷವೇ ಘಾತಕ. ಉಸಿರು ಭಾರವೆನಿಸಿದ ಕ್ಷಣವೇ ಅಂಗಾತ ತಿರುಗಬೇಕು, ಅಥವಾ ಕಾಲಿಗೆ ನೆಲ ಸಿಗುವಲ್ಲಿದ್ದರೆ ನಿಂತುಬಿಡಬೇಕು; ಕೊಳವೆಯನ್ನು ಉಗುಳಿ, ಮುಸುಕನ್ನು ಕಿತ್ತು, ಬಾಯಿ ತುಂಬ ಗಾಳಿ ಎಳೆದು, ಕೈ ಎತ್ತಿ ಸಹಾಯ ಕೋರಿ ನೀರಿನಿಂದ ಹೊರಬರಬೇಕು. ಹೊರಬಂದ ಮೇಲೆ ಸರಿಹೋಯಿತೆಂದು ಮತ್ತೆ ಇಳಿಯಬಾರದು, ವೈದ್ಯರನ್ನೇ ಕಾಣಬೇಕು.

ನಮ್ಮ ಓದುಗರಲ್ಲಿ ಯೋಗಾಭ್ಯಾಸಿಗಳು ಬಹಳ ಮಂದಿ ಇದ್ದಾರೆ. ಅವರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕು. ನಿಧಾನವಾದ, ಆಳವಾದ ಉಸಿರಾಟದ ಅಭ್ಯಾಸ ಕೊಳವೆಯಲ್ಲಿ ನಿಜಕ್ಕೂ ಉಪಕಾರಿ. ಪ್ರತಿ ಉಸಿರಿನಲ್ಲಿಯೂ ಶ್ವಾಸನಾಳವನ್ನಷ್ಟೇ ತುಂಬಿ ಹಿಂದಿರುಗುವ ಗಾಳಿ ಸುಮಾರು 150 ಮಿಲಿಲೀಟರ್ ಇರುತ್ತದೆ, ಕೊಳವೆ ಅದಕ್ಕೆ ತನ್ನ ಪಾಲನ್ನೂ ಸೇರಿಸುತ್ತದೆ. ಚಿಕ್ಕಚಿಕ್ಕ ಉಸಿರು ಎಳೆಯುವವನು ಬಿಟ್ಟ ಗಾಳಿಯನ್ನೇ ಮತ್ತೆ ಸೇದುತ್ತಿರುತ್ತಾನೆ. ಆದರೆ ಭಸ್ತ್ರಿಕಾ, ಕಪಾಲಭಾತಿಗಳಂಥ ವೇಗದ ಕ್ರಿಯೆಗಳನ್ನು ಮಾಡಿ, ಉಸಿರು ಕಟ್ಟಿ, ನೀರೊಳಗೆ ಮುಳುಗಿ ಮೀನು ಹಿಂಬಾಲಿಸುವ ಸಾಹಸವನ್ನು ಯಾರೂ ಮಾಡಬಾರದು. ಉಸಿರು ಬೇಕೆಂಬ ತುಡಿತವನ್ನು ಮುಖ್ಯವಾಗಿ ಹುಟ್ಟಿಸುವುದು ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ವೇಗದ ಉಸಿರಾಟ ಅದನ್ನು ಮೊದಲೇ ಹೊರಹಾಕಿಬಿಡುವುದರಿಂದ ಎಚ್ಚರಿಕೆಯ ಗಂಟೆಯೇ ಬಾರಿಸುವುದಿಲ್ಲ. ಆಮ್ಲಜನಕ ಮಾತ್ರ ಸದ್ದಿಲ್ಲದೆ ಮುಗಿಯುತ್ತ ಹೋಗಿ, ಹಾಯಾಗಿದೆ ಎನ್ನುತ್ತಿರುವಾಗಲೇ ಪ್ರಜ್ಞೆ ತಪ್ಪುತ್ತದೆ. ಹಾಸುಗಂಬಳಿಯ ಮೇಲೆ ಪ್ರಜ್ಞೆ ತಪ್ಪಿದವನಿಗೆ ಉಸಿರು ತಾನಾಗಿ ಮರಳುತ್ತದೆ. ನೀರಿನಲ್ಲಿ ಆ ಉಸಿರಿನೊಡನೆ ನೀರೇ ಒಳಬರುತ್ತದೆ. ಚೆನ್ನಾಗಿ ಈಜಬಲ್ಲ ತರುಣರೂ ಈಜುಕೊಳಗಳಲ್ಲಿ ಹೀಗೆ ಸತ್ತಿದ್ದಾರೆ.

ಹಾಗಾದರೆ ಹಿರಿಯರು ನೀರಿಗಿಳಿಯಲೇಬಾರದೆ? ನಮ್ಮ ಅಭಿಪ್ರಾಯ ಹಾಗಲ್ಲ. ಹುಟ್ಟುಹಾಕುವುದು, ತೇಲುವುದು ಎರಡೂ ಮಂಡಿಗಳಿಗೆ ಭಾರ ಬೀಳದ ಒಳ್ಳೆಯ ವ್ಯಾಯಾಮಗಳು. ಸಿದ್ಧತೆ ಮಾತ್ರ ಊರಿನಲ್ಲಿಯೇ ಆರಂಭವಾಗಬೇಕು. ರಕ್ತದೊತ್ತಡ, ಹೃದಯದ ಕವಾಟಗಳ ತೊಂದರೆ, ಉಬ್ಬಸ, ನಿದ್ರೆಯಲ್ಲಿ ಉಸಿರು ನಿಲ್ಲುವ ತೊಂದರೆ ಇರುವವರು ಪ್ರಯಾಣಕ್ಕೆ ಮೊದಲೇ ವೈದ್ಯರಲ್ಲಿ ‘ಅಮೆರಿಕಕ್ಕೆ ಹೋಗಬಹುದೇ’ ಎಂದಷ್ಟೇ ಕೇಳದೆ, ‘ಸಮುದ್ರದಲ್ಲಿ ಕೊಳವೆ ಕಚ್ಚಿ ತೇಲಬಹುದೇ’ ಎಂದು ಸ್ಪಷ್ಟವಾಗಿ ಕೇಳಬೇಕು. ಅಗತ್ಯವಿದ್ದರೆ ಹೃದಯದ ಎಕೋ ಪರೀಕ್ಷೆಯನ್ನು ಅವರೇ ಸೂಚಿಸುತ್ತಾರೆ. ದಿನದ ಮಾತ್ರೆಯನ್ನು ಪ್ರವಾಸದ ಗಡಿಬಿಡಿಯಲ್ಲಿ ಬಿಡಬಾರದು. ದೀರ್ಘ ವಿಮಾನಯಾನ ಮುಗಿಸಿದ ಮರುದಿನವೇ ನೀರಿಗಿಳಿಯದೆ ಎರಡು ಮೂರು ದಿನ ವಿರಮಿಸುವುದು ಒಳಿತು. ಆರೋಗ್ಯ ಪತ್ರದಲ್ಲಿ ಸತ್ಯವನ್ನೇ ಬರೆಯಬೇಕು. ಬರೆದರೆ ಕರೆದೊಯ್ಯುವುದಿಲ್ಲವೆಂಬ ಭಯ ಹೆಚ್ಚಿನ ಪಕ್ಷ ನಿರಾಧಾರ, ಮಾರ್ಗದರ್ಶಿಗಳು ಅಂಥವರ ಮೇಲೆ ಒಂದು ಕಣ್ಣು ಹೆಚ್ಚಾಗಿ ಇಡುತ್ತಾರೆ ಅಷ್ಟೆ.

ಕೊಳವೆಯನ್ನು ದಡದಲ್ಲಿಯೇ ಬಾಯಿಗಿಟ್ಟು ರಭಸವಾಗಿ ನಾಲ್ಕು ಬಾರಿ ಉಸಿರೆಳೆದು ನೋಡಬೇಕು. ಎಲ್ಲೋ ಹಿಡಿದೆಳೆದಂತೆ ಭಾಸವಾದರೆ ಬೇರೆಯದನ್ನು ಕೇಳಬೇಕು. ಕವಾಟಗಳ ಅಲಂಕಾರವಿಲ್ಲದ, ಅಗಲವಾದ ಸರಳ ಕೊಳವೆಯೇ ಉತ್ತಮ. ಎದೆಮಟ್ಟದ ನೀರಿನಲ್ಲಿ ನಿಂತು, ಮುಖವನ್ನಷ್ಟೇ ಅದ್ದಿ, ಹತ್ತು ನಿಮಿಷ ಉಸಿರಾಡಿ ಒಗ್ಗಿಸಿಕೊಂಡ ಮೇಲೆಯೇ ಕಾಲು ಬಿಡಬೇಕು. ಮೀಸೆಯಿರುವವರ ಮುಸುಕಿನಲ್ಲಿ ನೀರು ಸೋರುವುದು ಸಹಜ, ಸ್ವಲ್ಪ ವ್ಯಾಸಲೀನ್ ಸವರಿದರೆ ನಿಲ್ಲುತ್ತದೆ. ಗಾಜಿನ ಮೂಲಕ ನೀರಿನಲ್ಲಿ ಎಲ್ಲವೂ ಮೂರನೆಯ ಒಂದು ಭಾಗದಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ದೂರವಿದ್ದ ಸಮುದ್ರಮುಳ್ಳಿನ ಜೀವಿ ಮುಟ್ಟುವಷ್ಟು ಸಮೀಪವೆಂದು ತೋರಿ ಬೆಚ್ಚುವವರಿದ್ದಾರೆ. ಕಾಲಿಗೆ ರಬ್ಬರ್ ಪಾದರಕ್ಷೆ ಬೇಕೇಬೇಕು. ಲಾವಾ ಅಥವಾ ಹವಳ ತರಚಿದ ಗಾಯ ಚಿಕ್ಕದಾದರೂ ಬೇಗ ಕೀವಾಗುತ್ತದೆ. ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು ಒಳಗಿನ ಪುಡಿಯನ್ನು ತೆಗೆಯಬೇಕು, ಮಧುಮೇಹಿಗಳಂತೂ ಅದನ್ನು ಅಲಕ್ಷಿಸಲಾಗದು. ಮತ್ತು ಒಬ್ಬರೇ ತೇಲಬಾರದು. ಜೋಡಿಯಲ್ಲಿ ಒಬ್ಬರು ಮೀನು ನೋಡುವಾಗ ಇನ್ನೊಬ್ಬರು ಆಗಾಗ ತಲೆಯೆತ್ತಿ ಜೊತೆಯವರನ್ನು ನೋಡಿ ಸನ್ನೆ ಮಾಡಬೇಕು. ಮುಷ್ಟಿಯನ್ನು ತಲೆಯ ಮೇಲಿಟ್ಟು ಕ್ಷೇಮವೆಂದು ತೋರಿಸುವ ಸನ್ನೆಯನ್ನು ಆ ತರುಣಿ ನಮಗೆ ಕಲಿಸಿದ್ದಳು.

ಇಷ್ಟು ದೂರ ಹೋಗದೆಯೂ ಇಂಥ ನೀರನ್ನು ಕಾಣಬಯಸುವವರಿಗೆ ನಮ್ಮ ಕರಾವಳಿಯಲ್ಲಿಯೇ ಎಡೆಯಿದೆ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಗಳ ಕಂಬಗಲ್ಲುಗಳೂ ಲಾವಾದಿಂದಲೇ ಆದವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದ ಅಗ್ನಿಶಿಲೆ ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಅಲ್ಲಿ ನೋಡುವುದಕ್ಕೆ ಕಲ್ಲಿದೆ, ಈಜುವುದಕ್ಕೆ ಬಂಡೆಗಳ ನಡುವಿನ ನೀರು ಯೋಗ್ಯವಲ್ಲ. ಹವಳ ಮತ್ತು ಮೀನುಗಳಿಗಾಗಿ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗುತ್ತಾರೆ. ಮಳೆಗಾಲದಲ್ಲಿ ಎರಡೂ ಕಡೆಯ ದೋಣಿಗಳು ನಿಲ್ಲುತ್ತವೆ. ಮಳೆ ಕಳೆದು ಕಡಲು ತಿಳಿಯಾದ ಮೇಲೆ, ಚಳಿಗಾಲದ ತಿಂಗಳುಗಳಲ್ಲಿ, ಬೆಳಗಿನ ಗಾಳಿ ಏಳುವ ಮೊದಲು ನೇತ್ರಾಣಿಯ ನೀರು ಚೆನ್ನಾಗಿರುತ್ತದೆ. ಬೀಗರು ಬರುವ ಡಿಸೆಂಬರ್‌ನಲ್ಲಿ ಅಲ್ಲಿಗೆ ಬರುತ್ತೇನೆಂದಿದ್ದಾರೆ, ದೋಣಿಯಲ್ಲಿಯೇ ಕುಳಿತಿರುವ ಷರತ್ತಿನ ಮೇಲೆ. ಆ ಷರತ್ತನ್ನು ಹಾಕಿದವರು ಬೀಗಿತಿಯವರು.